ಸಿಟಿ ವಿಟೆಕ್‌ನ ಬ್ಲಾಕ್ ತೂತಾಗಿದೆ. ಯಾವ ಎಂಜಿನ್ ತರುವುದು, ಹೇಗೆ ಕೂರಿಸುವುದು?

ಕಾಪು ಲೈಟ್‌ಹೌಸ್ · ಜುಲೈ 6

ನಮಸ್ಕಾರ. ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್ (ಆರ್‌ಪಿಎಂ ಏರಿದಾಗ ವಾಲ್ವ್‌ಗಳನ್ನು ಜಾಸ್ತಿ ತೆರೆಯುವ ಎಂಜಿನ್), ಕೆಎ-20 ನಂಬರ್. ಅಪ್ಪ ತೆಗೆದುಕೊಂಡ ಗಾಡಿ. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ.

ಕಳೆದ ತಿಂಗಳು ಮಂಗಳೂರಿನಿಂದ ಬರುವಾಗ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತ್ತು. ಮುಂದಿನ ಬಸ್ಸು ಹೋಯಿತಲ್ವಾ, ನಾನೂ ಹೋಗುವ ಅಂತ ನುಗ್ಗಿಸಿದೆ. ಎದುರಿನಿಂದ ಬಂದ ಲಾರಿ ಒಂದು ಅಲೆ ಎಬ್ಬಿಸಿತು. ಗಾಡಿ ಆಫ್. ಅಲ್ಲಿಗೆ ಸುಮ್ಮನಿರಬೇಕಿತ್ತು. ನಾನು ಎರಡು ಸಲ ಸೆಲ್ಫ್ ಹೊಡೆದೆ. ಮರುದಿನ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿ ನೀರು ತೆಗೆದು ಸ್ಟಾರ್ಟ್ ಮಾಡಿಕೊಟ್ಟರು. ಟಕ್ ಟಕ್ ಅಂತ ಸಣ್ಣ ಸದ್ದಿತ್ತು. "ಓಡಿ ಓಡಿ ಸರಿಯಾಗ್ತದೆ" ಅಂದರು. ಹನ್ನೊಂದು ದಿನ ಓಡಿತು. ಪಡುಬಿದ್ರಿ ಹತ್ತಿರ ಡಬ್ ಅಂತ ಒಂದು ಸದ್ದು, ಕನ್ನಡಿಯಲ್ಲಿ ನೋಡಿದರೆ ರಸ್ತೆಯುದ್ದಕ್ಕೂ ಆಯಿಲ್. ಬ್ಲಾಕಿನಲ್ಲಿ ಮೂರು ಬೆರಳು ಹೋಗುವಷ್ಟು ತೂತು.

ಗಾಡಿ ಮಾರುವುದಿಲ್ಲ, ಅದು ಖಂಡಿತ. ಬಜೆಟ್ ಒಂದೂವರೆ ಲಕ್ಷ. ಅದೇ ವಿಟೆಕ್ ಎಂಜಿನ್ ಹುಡುಕುವುದಾ, ಸಿಟಿ ಝಡ್‌ಎಕ್ಸ್‌ನದ್ದು ಹಾಕುವುದಾ, ಅಥವಾ ಹೇಗೂ ಎಂಜಿನ್ ಇಳಿಸುವುದೇ ಆದರೆ ದೊಡ್ಡದೇ ಏನಾದರೂ? ತಿಳಿದವರು ಹೇಳಿ.

ಬೈಕಂಪಾಡಿ ಬೋಲ್ಟ್ · ಜುಲೈ 6

ಸೆಲ್ಫ್ ಹೊಡೆದದ್ದೇ ತಪ್ಪು ಮಾರಾಯ್ರೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕೆ ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದುತ್ತದೆ, ಕನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಬಾಗುತ್ತದೆ. ಬಾಗಿದ ರಾಡ್ ಕೆಲವು ದಿನ ಓಡುತ್ತದೆ, ಆಮೇಲೆ ತುಂಡಾಗಿ ಬ್ಲಾಕಿಗೆ ಕಿಟಕಿ ಇಡುತ್ತದೆ. ಆ ಟಕ್ ಟಕ್ ಬಂದಾಗಲೇ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಇಳಿಸಿ ನೋಡಿದ್ದರೆ ಒಂದು ರಾಡ್, ಒಂದು ಪಿಸ್ಟನ್‌ನಲ್ಲಿ ಮುಗಿಯುತ್ತಿತ್ತು.

ಒಂದು ಮಾತು ಮೊದಲೇ ಹೇಳುತ್ತೇನೆ. ಯಾರಾದರೂ ತೂತಿಗೆ ವೆಲ್ಡಿಂಗ್ ಮಾಡಿ ಕೊಡುತ್ತೇನೆ ಅಂದರೆ ನಗಾಡಿ ವಾಪಸ್ ಬನ್ನಿ. ಅಲ್ಯೂಮಿನಿಯಂ ಬ್ಲಾಕ್ ಅದು. ಬಿಸಿಗೆ ಎಳೆದುಕೊಂಡು ಬೋರ್ ಹಾಳಾಗುತ್ತದೆ.

ಮಣಿಪಾಲ ಥರ್ಡ್ ಗೇರ್ · ಜುಲೈ 6

ಅಣ್ಣ, ಇದು ದೇವರೇ ಕೊಟ್ಟ ಅವಕಾಶ! ಕೆ20 ಹಾಕಿ! ಎರಡು ಲೀಟರ್, ಟ್ವಿನ್ ಕ್ಯಾಮ್, ಸಿವಿಕ್ ಟೈಪ್ ಆರ್‌ನದ್ದು. ಸಿಟಿಯ ಬಾಡಿ ಹಗುರ. ಗಾಡಿ ಹಾರುತ್ತದೆ.

ಬೈಕಂಪಾಡಿ ಬೋಲ್ಟ್ · ಜುಲೈ 6

ಹಾರಿದ ಮೇಲೆ ನಿಲ್ಲಿಸುವುದು ಯಾವ ಬ್ರೇಕಿನಲ್ಲಿ ತಮ್ಮಾ?

ಘಾಟಿ ಭಟ್ರು · ಜುಲೈ 7

ಹುಡುಗನಿಗೆ ಬಯ್ಯಬೇಡಿ, ನಾನೂ ಆ ವಯಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ. ಆದರೆ ಯಾಕೆ ಆಗುವುದಿಲ್ಲ ಅಂತ ಸರಿಯಾಗಿ ಹೇಳಬೇಕಲ್ವಾ.

ನಿಮ್ಮ ಗಾಡಿಯಲ್ಲಿರುವುದು ಹೋಂಡಾದ ಡಿ ಸೀರೀಸ್ ಎಂಜಿನ್. 1493 ಸಿಸಿ, ಒಂದೇ ಕ್ಯಾಮ್, 106 ಕುದುರೆ. ಇದರ ವಿಚಿತ್ರ ಏನೆಂದರೆ ಇದು ತಿರುಗುವುದು ಉಲ್ಟಾ. ಲೋಕದ ಹೆಚ್ಚಿನ ಎಂಜಿನ್‌ಗಳು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಹಳೆ ಹೋಂಡಾ ಡಿ ಮತ್ತು ಬಿ ಸೀರೀಸ್ ಅದಕ್ಕೆ ವಿರುದ್ಧ. ಹಾಗಾಗಿ ಬಾನೆಟ್ ತೆಗೆದರೆ ಬೆಲ್ಟ್ ಇರುವುದು ಗಾಡಿಯ ಎಡಗಡೆ (ಸೀಟಿನಲ್ಲಿ ಕೂತವರ ಎಡ), ಗೇರ್‌ಬಾಕ್ಸ್ ಬಲಗಡೆ.

2003ರಲ್ಲಿ ಹೊಸ ಸಿಟಿ (ಆಮೇಲೆ ಝಡ್‌ಎಕ್ಸ್ ಅಂತ ಹೆಸರಾದದ್ದು) ಬಂದಾಗ ಹೋಂಡಾ ಎಲ್ ಸೀರೀಸ್‌ಗೆ ಹೋಯಿತು. ಅದು 1497 ಸಿಸಿ. ಕಾಗದದ ಮೇಲೆ ಬರೀ ನಾಲ್ಕು ಸಿಸಿ ವ್ಯತ್ಯಾಸ, ಒಳಗೆ ಎಲ್ಲವೂ ಬೇರೆ. ತಿರುಗುವ ದಿಕ್ಕು ಬೇರೆ, ಗೇರ್‌ಬಾಕ್ಸ್ ಎಡಕ್ಕೆ ಬರುತ್ತದೆ, ಮೌಂಟಿಂಗ್ ಒಂದೂ ಕೂರುವುದಿಲ್ಲ. ಟೈಮಿಂಗ್ ಬೆಲ್ಟಿನ ಜಾಗದಲ್ಲಿ ಚೈನ್. ಆಕ್ಸಲ್, ವಯರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಎಲ್ಲ ಹೊಸತಾಗಿ ಮಾಡಬೇಕು. ಅಷ್ಟು ಮಾಡಿ ಸಿಗುವುದು ಎಷ್ಟು? ಮೊದಲು ಬಂದ ಆ ಹೊಸ ಸಿಟಿಯ ಐ-ಡಿಎಸ್‌ಐ ಎಂಜಿನ್ 77 ಕುದುರೆ. ಮೈಲೇಜ್ ಚೆನ್ನಾಗಿ ಕೊಡುತ್ತಿತ್ತು, ಆದರೆ ವಿಟೆಕ್ ಓಡಿಸಿದವರು ಅದನ್ನು ಓಡಿಸಿ ಮುಖ ಸಣ್ಣ ಮಾಡಿಕೊಂಡು ಇಳಿದದ್ದನ್ನು ನಾನೇ ನೋಡಿದ್ದೇನೆ.

ಕೆ20ಯೂ ಎಲ್ ಸೀರೀಸ್‌ನ ದಿಕ್ಕಿಗೇ ತಿರುಗುವುದು. ಅದನ್ನು ಹಳೆ ಹೋಂಡಾಗಳಿಗೆ ಕೂರಿಸಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆಲ್ಲ ರೆಡಿಮೇಡ್ ಮೌಂಟಿಂಗ್ ಕಿಟ್ ಸಿಗುತ್ತದೆ. ನಿಮಗೆ ಒಂದೊಂದು ಬ್ರಾಕೆಟ್ಟನ್ನೂ ಲೇತಿನಲ್ಲಿ ಮಾಡಿಸಬೇಕು. ಒಂದೂವರೆ ಲಕ್ಷ ಬರೀ ಯೋಚನೆಗೇ ಖರ್ಚಾದೀತು.

ಆರ್‌ಸಿ ಪುಸ್ತಕ · ಜುಲೈ 7

ಭಟ್ರು ಹೇಳಿದ್ದು ಯಂತ್ರದ ಮಾತು. ಕಾಗದದ ಮಾತು ನಾನು ಹೇಳುತ್ತೇನೆ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿಯವರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಕ್ಕಾಗಿ ಹೇಳಿದೆ. 1.5ರ ಜಾಗದಲ್ಲಿ 2.0 ಕೂರಿಸಿದರೆ ಸಿಸಿಯೇ ಬದಲಾಯಿತಲ್ಲ. ಅದೇ ಮಾದರಿಯ ಎಂಜಿನ್ ಆದರೆ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ, ಆಮೇಲೆ ಗಾಡಿ ತೋರಿಸಿ ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಹಾಕಿಸಿಕೊಳ್ಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಅಪಘಾತವಾದ ದಿನ ಸರ್ವೇಯರ್ ಬಂದು ನಂಬರ್ ತಾಳೆ ಇಲ್ಲ ಅಂದರೆ ಕ್ಲೇಮ್‌ಗೆ ತೊಂದರೆ.

ನಿಮ್ಮದು 2002ರ ಗಾಡಿ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋಗಲೇಬೇಕು. ಅಲ್ಲಿ ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸುತ್ತಾರೆ.

ಹಳೆ ಎಂಜಿನ್ ತರುವಾಗ ಅಂಗಡಿಯ ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿ. ಯಾವ ಗಾಡಿಯಿಂದ ಇಳಿಸಿದ್ದೋ ಅದರ ಆರ್‌ಸಿ ಝೆರಾಕ್ಸ್ ಕೇಳಿ. ಕೊಡುವುದಿಲ್ಲ ಅಂದರೆ ಆ ಎಂಜಿನ್ ಕದ್ದ ಗಾಡಿಯದ್ದೂ ಆಗಿರಬಹುದು. ನಂಬರ್ ಉಜ್ಜಿದ್ದು ಕಂಡರೆ ಕೈಯೂ ಹಾಕಬೇಡಿ.

ಮಣಿಪಾಲ ಥರ್ಡ್ ಗೇರ್ · ಜುಲೈ 7

ಸರಿ ಸರಿ, ಕನಸು ಕಾಣಲಿಕ್ಕೂ ಆರ್‌ಟಿಒ ಅನುಮತಿ ಬೇಕು ಅಂತ ಗೊತ್ತಿರಲಿಲ್ಲ 😄

ಕಾಪು ಲೈಟ್‌ಹೌಸ್ · ಜುಲೈ 8

ಎಲ್ಲರಿಗೂ ಥ್ಯಾಂಕ್ಸ್. ಅದೇ ವಿಟೆಕ್ ಎಂಜಿನ್ನೇ ಹುಡುಕುತ್ತೇನೆ. ಮಂಗಳೂರಿನಲ್ಲಿ ಮೂರು ಕಡೆ ವಿಚಾರಿಸಿದೆ, ಇಲ್ಲ. ಕೊಯಮತ್ತೂರಿನ ಉಕ್ಕಡಂ ಗುಜರಿ ಮಾರ್ಕೆಟ್‌ನಲ್ಲಿ ಎರಡು ಉಂಟಂತೆ. ಹಳೆ ಎಂಜಿನ್ ಒಳ್ಳೆಯದಾ ಕೆಟ್ಟದ್ದಾ ಅಂತ ಹೊರಗಿನಿಂದ ನೋಡಿ ಹೇಗೆ ಹೇಳುವುದು?

ಬೈಕಂಪಾಡಿ ಬೋಲ್ಟ್ · ಜುಲೈ 8

ಹೊರಗಿನಿಂದ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಡೀಸೆಲ್ ಹಾಕಿ ತೊಳೆದು ಪಳಪಳ ಮಾಡಿಟ್ಟಿರುತ್ತಾರೆ. ನನಗೆ ಕೊಳೆ ಹಿಡಿದ ಎಂಜಿನ್ ಮೇಲೇ ಜಾಸ್ತಿ ನಂಬಿಕೆ, ಆಯಿಲ್ ಎಲ್ಲಿ ಸೋರುತ್ತಿತ್ತು ಅಂತ ಅದೇ ಹೇಳುತ್ತದೆ.

ಮೊದಲು ಅದು ವಿಟೆಕ್ ಹೌದಾ ನೋಡಿ. ವಾಲ್ವ್ ಕವರ್ ನೋಡಿ ಮರುಳಾಗಬೇಡಿ, ಹತ್ತು ನಿಮಿಷದಲ್ಲಿ ಅದನ್ನು ಬದಲಾಯಿಸಬಹುದು. ಹೆಡ್‌ಗೆ ಬೋಲ್ಟ್ ಮಾಡಿದ ವಿಟೆಕ್ ಸೊಲೆನಾಯ್ಡ್ (ಕರೆಂಟಿನಲ್ಲಿ ತೆರೆಯುವ ಆಯಿಲ್ ವಾಲ್ವ್) ಉಂಟಾ ನೋಡಿ. ಕವರ್ ತೆಗೆದರೆ ಇನ್‌ಟೇಕ್ ಕಡೆ ಒಂದೊಂದು ಸಿಲಿಂಡರಿಗೆ ಮೂರು ಮೂರು ರಾಕರ್ (ವಾಲ್ವ್ ಒತ್ತುವ ತೋಳು) ಕಾಣಬೇಕು. ಆರ್‌ಪಿಎಂ ಏರಿದಾಗ ಸೊಲೆನಾಯ್ಡ್ ಆಯಿಲ್ ಬಿಡುತ್ತದೆ, ಆ ಒತ್ತಡಕ್ಕೆ ಪಿನ್ ಸರಿದು ಮೂರೂ ರಾಕರ್ ಒಂದಾಗುತ್ತವೆ, ನಡುವಿನ ದೊಡ್ಡ ಕ್ಯಾಮ್ ವಾಲ್ವ್‌ಗಳನ್ನು ಜಾಸ್ತಿ ತೆರೆಯುತ್ತದೆ. ಆ ಹೊತ್ತಿಗೆ ಬರುವ ಸದ್ದಿಗೇ ನಾವೆಲ್ಲ ಮರುಳಾದದ್ದು.

ಕವರ್ ತೆಗೆದಾಗ ಒಳಗಿನ ಬಣ್ಣ ನೋಡಿ. ಜೇನಿನ ಬಣ್ಣ ಆದರೆ ಆಯಿಲ್ ಸರಿಯಾಗಿ ಬದಲಾಯಿಸಿದ್ದಾರೆ. ಕಪ್ಪು ಹಲ್ವದ ಹಾಗೆ ಮೆತ್ತಿಕೊಂಡಿದ್ದರೆ ಬೇಡ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲು ಹಾಕಿದ ಚಾದ ಬಣ್ಣ ಇದ್ದರೆ ನೀರು ಸೇರಿದೆ. ಥರ್ಮೋಸ್ಟ್ಯಾಟ್ ಪೈಪಿನೊಳಗೆ ಟಾರ್ಚ್ ಬಿಡಿ. ನಮ್ಮ ಕರಾವಳಿಯ ಗಾಡಿಗಳಲ್ಲಿ ಇದೇ ದೊಡ್ಡ ರೋಗ, ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿ ಒಳಗೆ ತುಕ್ಕು, ಉಪ್ಪು.

ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಗೇಜಿನಲ್ಲಿ ನೋಡುವುದು. ಇದು ಬಿಟ್ಟು ಹಣ ಕೊಡಬೇಡಿ. ಆದರೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸ್ಟಾರ್ಟರ್ ಮೋಟಾರ್ ಕೂರುವುದು ಗೇರ್‌ಬಾಕ್ಸಿನ ಮೇಲೆ. ಗೇರ್‌ಬಾಕ್ಸ್ ಬಿಚ್ಚಿಟ್ಟರೆ ಎಂಜಿನ್ ತಿರುಗಿಸುವುದು ಹೇಗೆ? ಹಾಗಾಗಿ ಇವತ್ತೇ ಫೋನ್ ಮಾಡಿ ಗೇರ್‌ಬಾಕ್ಸ್ ಬಿಚ್ಚಬೇಡಿ ಅಂತ ಹೇಳಿ. ಫುಲ್ ಚಾರ್ಜ್ ಇರುವ ಬ್ಯಾಟರಿ ಬೇಕು. ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಹಿಡಿದು ತಿರುಗಿಸಿ. ಈ ಎಂಜಿನ್‌ಗಳಲ್ಲಿ 180 ಪಿಎಸ್‌ಐ ಹತ್ತಿರ ಬಂದರೆ ಒಳ್ಳೆಯದು, 135ಕ್ಕಿಂತ ಕೆಳಗೆ ಬೇಡ. ನಾಲ್ಕರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 28ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಕಡಿಮೆ ಬಂದರೆ ಆ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ.

ಕುಂದಾಪ್ರ ಕ್ಲಚ್ · ಜುಲೈ 9

ಎಲ್ಲ ಸರಿ ಮಾರ್ರೆ, ಆದ್ರೆ ಹಳೆ ಎಂಜಿನ್ ತಂದು ಹಾಕುದಕ್ಕಿಂತ ಬರೀ ಬ್ಲಾಕ್ ತಂದು, ಬೋರ್ ಮಾಡಿ, 0.50 ಓವರ್‌ಸೈಜ್ ಪಿಸ್ಟನ್ ಹಾಕಿ ಹೊಸದೇ ಮಾಡುದು ಒಳ್ಳೇದಲ್ದಾ? ಹೆಡ್ ಹೆಂಗೂ ಅವರ್ದೇ ಇತ್ತಲೆ.

ಘಾಟಿ ಭಟ್ರು · ಜುಲೈ 9

ಕ್ಲಚ್ಚಣ್ಣ, ತಪ್ಪಲ್ಲ. ಆದರೆ ಇದಕ್ಕೆ ಓವರ್‌ಸೈಜ್ ಪಿಸ್ಟನ್ ಈಗ ಹುಡುಕಿ ನೋಡಿ, ಗೊತ್ತಾಗುತ್ತದೆ. ಬೋರಿಂಗ್ ಸರಿಯಾಗಿ ಮಾಡುವ ಲೇತ್ ಬೇಕು, ಕ್ರ್ಯಾಂಕ್ ಅಳೆದು ಬೇರಿಂಗ್ ಹಾಕುವ ಕೈ ಬೇಕು. ಅವೆರಡೂ ಇದ್ದರೆ ಖಂಡಿತ ಮಾಡಬಹುದು. ಇಲ್ಲದಿದ್ದರೆ ಕಂಪನಿಯಲ್ಲಿ ಜೋಡಿಸಿದ, ಯಾರೂ ಬಿಚ್ಚದ ಎಂಜಿನ್ನೇ ಮೇಲು. ಕಂಪ್ರೆಷನ್ ಚೆನ್ನಾಗಿ ಬಂದ ಎಂಜಿನ್ನನ್ನು "ಹೇಗೂ ಹೊರಗೆ ಉಂಟಲ್ಲ" ಅಂತ ಬಿಚ್ಚಿ ರಿಂಗ್ ಹಾಕಿಸಿದವರು ಆಮೇಲೆ ಆಯಿಲ್ ಕುಡಿಯುವ ಗಾಡಿ ಇಟ್ಟುಕೊಂಡು ನನ್ನ ಹತ್ತಿರ ಬಂದಿದ್ದಾರೆ. ಒಬ್ಬರಲ್ಲ, ಮೂರು ಜನ.

ಬೈಕಂಪಾಡಿ ಬೋಲ್ಟ್ · ಜುಲೈ 9

ಇದಕ್ಕೆ ನನ್ನದೂ ಸಹಿ. ಒಳಗೆ ಕೈ ಹಾಕಬೇಡಿ, ಹೊರಗಿನದ್ದು ಒಂದನ್ನೂ ಬಿಡಬೇಡಿ.

ಕಾಪು ಲೈಟ್‌ಹೌಸ್ · ಜುಲೈ 15

ಹೋಗಿ ಬಂದೆ. ರೈಲಿನಲ್ಲಿ ಕೊಯಮತ್ತೂರು, ಬ್ಯಾಗಿನಲ್ಲಿ ಕಂಪ್ರೆಷನ್ ಗೇಜ್, ಟಾರ್ಚ್, ಒಂದು ಸಣ್ಣ ಡಬ್ಬದಲ್ಲಿ ಆಯಿಲ್. ಅಮ್ಮ ಕಟ್ಟಿಕೊಟ್ಟ ಬುತ್ತಿಗಿಂತ ಇದೇ ಭಾರ.

ಮೊದಲ ಅಂಗಡಿಯ ಎಂಜಿನ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬೋಲ್ಟ್ ಅಣ್ಣ, ನಿಮ್ಮ ನೆನಪಾಯಿತು. ಗೇಜ್ ತೆಗೆದಾಗಲೇ ಅಂಗಡಿಯವರ ಮುಖ ಬದಲಾಯಿತು. 175, 178, 120, 172. ಮೂರನೆಯದಕ್ಕೆ ಆಯಿಲ್ ಹಾಕಿದೆ, 124. ವಾಲ್ವ್. "ಓಡಿದರೆ ಏರುತ್ತದೆ ಸಾರ್" ಅಂದರು. ಓಡಿ ಓಡಿ ಸರಿಯಾಗುವ ಕಥೆ ನಾನು ಒಮ್ಮೆ ಕೇಳಿ ಆಗಿದೆಯಲ್ಲ. ಕೈ ಮುಗಿದು ಹೊರಟೆ.

ಎರಡನೆಯದು ಮುಂದೆ ಗುದ್ದಿದ ಗಾಡಿಯಿಂದ ಇಳಿಸಿದ್ದು. ಮೇಲೆಲ್ಲ ಧೂಳು, ಡಿಸ್ಟ್ರಿಬ್ಯೂಟರ್ ಮುಚ್ಚಳ ಒಡೆದಿದೆ. 182, 180, 178, 184. ಕವರ್ ಕೆಳಗೆ ಜೇನಿನ ಬಣ್ಣ. ಮೂರು ರಾಕರ್, ಸೊಲೆನಾಯ್ಡ್, ಎಲ್ಲ ಉಂಟು. ಆ ಗಾಡಿಯ ಆರ್‌ಸಿ ಝೆರಾಕ್ಸ್ ಕೇಳುವ ಮೊದಲೇ ಕೊಟ್ಟರು. ಗೇರ್‌ಬಾಕ್ಸ್ ಸೇರಿಸಿ 58,000ಕ್ಕೆ ಮುಗಿಸಿದೆ. ಲಾರಿಯಲ್ಲಿ ಹಾಕಿಸಿದ್ದೇನೆ. ಆರ್‌ಟಿಒ ಅರ್ಜಿಯನ್ನೂ ಕೊಟ್ಟೆ.

ಮಣಿಪಾಲ ಥರ್ಡ್ ಗೇರ್ · ಜುಲೈ 15

184!!! ಗುದ್ದಿದ ಗಾಡಿ ಅಲ್ವಾ ಅಣ್ಣ, ಎಂಜಿನ್‌ಗೆ ಏಟು ಬಿದ್ದಿರುವುದಿಲ್ಲವಾ?

ಬೈಕಂಪಾಡಿ ಬೋಲ್ಟ್ · ಜುಲೈ 15

ಒಳ್ಳೆ ಪ್ರಶ್ನೆ. ಗುದ್ದಿದ ಗಾಡಿಯ ಎಂಜಿನ್ನೇ ನನಗೆ ಇಷ್ಟ, ಅದು ಸತ್ತದ್ದು ಎಂಜಿನ್ ಹಾಳಾಗಿ ಅಲ್ಲ. ಆದರೆ ಕ್ರ್ಯಾಂಕ್ ಪುಲ್ಲಿ ತಿರುಗಿಸುವಾಗ ಓಲಾಡುತ್ತದಾ, ಮೌಂಟಿಂಗ್ ಕೂರುವ ಕಿವಿಗಳಲ್ಲಿ ಬಿರುಕು ಉಂಟಾ, ಚೇಂಬರ್ ನುಗ್ಗಿದೆಯಾ ನೋಡಿಕೊಳ್ಳಿ.

ಕೂರಿಸುವ ಮೊದಲೇ ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಬದಲಾಯಿಸಿ. ಪಂಪನ್ನು ಓಡಿಸುವುದೂ ಅದೇ ಬೆಲ್ಟ್. ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಕ್ಯಾಮ್ ಸೀಲ್, ಕ್ರ್ಯಾಂಕಿನ ಎರಡೂ ಕಡೆಯ ಸೀಲ್, ಕ್ಲಚ್ ಸೆಟ್, ರಿಲೀಸ್ ಬೇರಿಂಗ್ ಎಲ್ಲ ಈಗಲೇ. ಹಿಂದಿನ ಸೀಲ್ ನೂರಿನ್ನೂರು ರೂಪಾಯಿಯದ್ದು. ಆಮೇಲೆ ಸೋರಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು.

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಿಚ್ಚುವಾಗ ಹುಷಾರು. ಬೇರೆ ಗಾಡಿಗಳಲ್ಲಿ ಸ್ಪ್ಯಾನರನ್ನು ನೆಲಕ್ಕೆ ತಾಗಿಸಿ ಸೆಲ್ಫ್ ಹೊಡೆದು ಬಿಚ್ಚುತ್ತಾರೆ. ಭಟ್ರು ಹೇಳಿದ ಹಾಗೆ ಇದು ಉಲ್ಟಾ ತಿರುಗುವ ಎಂಜಿನ್, ಹಾಗೆ ಮಾಡಿದರೆ ಬೋಲ್ಟ್ ಇನ್ನೂ ಬಿಗಿಯಾಗುತ್ತದೆ. ಪುಲ್ಲಿ ಹಿಡಿಯುವ ಟೂಲ್ ಮತ್ತು ಉದ್ದದ ಪೈಪ್, ಬೇರೆ ದಾರಿ ಇಲ್ಲ.

ಗೇರ್‌ಬಾಕ್ಸ್‌ಗೆ ಹೋಂಡಾದ ಎಂಟಿಎಫ್ (ಅವರದ್ದೇ ಗೇರ್‌ಬಾಕ್ಸ್ ಆಯಿಲ್) ಹಾಕಿ. 90 ನಂಬರ್ ಗೇರ್ ಆಯಿಲ್ ಹಾಕಿದರೆ ಬೆಳಿಗ್ಗೆ ಗೇರ್ ಬೀಳಲಿಕ್ಕೆ ಎರಡು ಕೈ ಬೇಕಾಗುತ್ತದೆ.

ಕಾಪು ಲೈಟ್‌ಹೌಸ್ · ಆಗಸ್ಟ್ 3

ಎಂಜಿನ್ ಕೂರಿಸಿದೆವು. ಕಟಪಾಡಿಯ ಪರಿಚಯದ ಫಿಟ್ಟರಣ್ಣನ ಶೆಡ್, ಚೈನ್ ಬ್ಲಾಕ್, ಎರಡು ಭಾನುವಾರ ಮತ್ತು ನಡುವಿನ ಎಲ್ಲ ರಾತ್ರಿಗಳು. ಹೊರಗೆ ಒಂದೇ ಸಮನೆ ಮಳೆ.

ಬಿಚ್ಚುವ ಮೊದಲು ಒಂದೊಂದು ಸಾಕೆಟ್ಟಿಗೂ ಬಟ್ಟೆಯ ಟೇಪ್ ಅಂಟಿಸಿ ನಂಬರ್ ಬರೆದೆ, ಮೊಬೈಲಿನಲ್ಲಿ ನೂರಾರು ಫೋಟೋ. ಫಿಟ್ಟರಣ್ಣ ನಕ್ಕರು, ಕೊನೆಗೆ ಅವರೇ ಫೋಟೋ ಕೇಳಿದರು. ಎಸಿ ಕಂಪ್ರೆಸರನ್ನು ಪೈಪ್ ಬಿಚ್ಚದೆ ಬೋಲ್ಟ್ ಮಾತ್ರ ತೆಗೆದು ಪಕ್ಕಕ್ಕೆ ಕಟ್ಟಿಟ್ಟೆವು, ಗ್ಯಾಸ್ ಖರ್ಚು ಉಳಿಯಿತು. ವಯರಿಂಗ್, ಸೆನ್ಸರ್, ಡಿಸ್ಟ್ರಿಬ್ಯೂಟರ್ ಎಲ್ಲ ನನ್ನ ಹಳೆ ಎಂಜಿನ್‌ನದ್ದೇ ಹಾಕಿದ್ದು. ಮೌಂಟಿಂಗ್ ರಬ್ಬರ್ ಮಾತ್ರ ಎಲ್ಲ ಹೊಸತು. ಹಳೆಯದನ್ನು ಕೈಯಲ್ಲಿ ಹಿಡಿದಾಗ ಒಣಗಿದ ಹಪ್ಪಳದ ಹಾಗೆ ಬಿರುಕು.

ಮೊದಲ ಸಲ ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಬಾರದ ಹಾಗೆ ರಿಲೇ ತೆಗೆದು, ಪ್ಲಗ್ ಬಿಚ್ಚಿ, ಆಯಿಲ್ ದೀಪ ಆರುವ ತನಕ ತಿರುಗಿಸಬೇಕು ಅಂತ ಭಟ್ರು ಫೋನಿನಲ್ಲಿ ಹೇಳಿದ್ದರು. ಹಾಗೆ ಮಾಡುವಾಗ ಸೆಲ್ಫ್ ಯಾಕೋ ತುಂಬಾ ನಿಧಾನ. ಬ್ಯಾಟರಿ ಹೊಸತು. ಮತ್ತೊಮ್ಮೆ ಹೊಡೆದೆವು. ಸುಟ್ಟ ವಾಸನೆ! ನೋಡಿದರೆ ಆಕ್ಸಿಲರೇಟರ್ ಕೇಬಲ್‌ನಿಂದ ಹೊಗೆ. ನನಗೆ ಕೈಕಾಲು ತಣ್ಣಗಾಯಿತು.

ಘಾಟಿ ಭಟ್ರು · ಆಗಸ್ಟ್ 3

ಅರ್ತ್ ವಯರ್!

ಕಾಪು ಲೈಟ್‌ಹೌಸ್ · ಆಗಸ್ಟ್ 3

ಹೌದು ಭಟ್ರೆ. ಗೇರ್‌ಬಾಕ್ಸಿಗೆ ಹಾಕುವ ಅರ್ತ್ ಪಟ್ಟಿ ಬೋಲ್ಟ್ ಡಬ್ಬದಲ್ಲೇ ಕೂತಿತ್ತು. ಅಷ್ಟು ಫೋಟೋ ತೆಗೆದೆನಲ್ಲ, ಅದೊಂದರದ್ದು ಇಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ, ಸ್ಟಾರ್ಟರಿನ ಕರೆಂಟು ವಾಪಸ್ ಹೋಗಲಿಕ್ಕೆ ಬೇರೆ ದಾರಿ ಇಲ್ಲದೆ ಆಕ್ಸಿಲರೇಟರ್ ಕೇಬಲ್ ಹಿಡಿದಿದೆ. ಕೇಬಲ್ ಹೊಸತು ತಂದದ್ದು, ಅಷ್ಟಕ್ಕೇ ಮುಗಿಯಿತು. ಪಟ್ಟಿಯ ಎರಡೂ ತುದಿಯ ಬಣ್ಣ, ತುಕ್ಕು ಉಜ್ಜಿ ಬಿಗಿದೆವು. ಸೆಲ್ಫ್ ಸೊಂಯ್ ಅಂತ ತಿರುಗಿತು. ದೀಪ ಆರಿತು. ರಿಲೇ ಹಾಕಿ ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಸ್ಟಾರ್ಟ್. ಕೂಲೆಂಟ್‌ನ ಗಾಳಿ ತೆಗೆದು, ಫ್ಯಾನ್ ಎರಡು ಸಲ ಬಂದು ಹೋಗುವ ತನಕ ಕಾದು, ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಸರಿ ಮಾಡಿದೆವು.

ಕುಂದಾಪ್ರ ಕ್ಲಚ್ · ಆಗಸ್ಟ್ 4

ವಿಟೆಕ್ ಬಂತಾ? ಅದ್ ಹೇಳಿ ಮೊದ್ಲು.

ಕಾಪು ಲೈಟ್‌ಹೌಸ್ · ಆಗಸ್ಟ್ 10

ಅನುಮತಿ ಕಾಗದ ಕೈಗೆ ಬಂದ ಮೇಲೇ ರಸ್ತೆಗೆ ಇಳಿಸಿದ್ದು. ಮೊದಲ ದಿನ ವಿಟೆಕ್ ಬರಲಿಲ್ಲ. ಹೆಬ್ರಿ ತನಕ ಹೋದೆ, ಬೇರೆಲ್ಲ ಚೆನ್ನಾಗಿತ್ತು, ಆರ್‌ಪಿಎಂ ಮೇಲೇರಿದಾಗ ಮಾತ್ರ ಸಪ್ಪೆ. ಸೋಮೇಶ್ವರದವರೆಗೂ ಹೋಗುವ ಮನಸ್ಸಿತ್ತು, ಬೇಜಾರಿನಲ್ಲಿ ಅಲ್ಲಿಂದಲೇ ತಿರುಗಿಸಿದೆ. ಬೋಲ್ಟ್ ಅಣ್ಣನಿಗೆ ಫೋನ್ ಮಾಡಿದರೆ "ಸೊಲೆನಾಯ್ಡ್ ಬಿಚ್ಚಿ, ಹಿಂದಿನ ಜಾಳಿಗೆ ನೋಡಿ" ಅಂದರು. ಚಾ ಸೋಸುವ ಜರಡಿಯ ಹಾಗೆ ಒಂದು ಸಣ್ಣ ಬಲೆ, ಅದರ ತುಂಬ ಕಪ್ಪು ಗಸಿ. ಇಷ್ಟು ವರ್ಷ ಗುಜರಿಯಲ್ಲಿ ಕೂತ ಫಲ. ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿದೆ. ಆಯಿಲ್ ಮತ್ತು ಫಿಲ್ಟರ್ ಕೂಡ ಐನೂರು ಕಿಲೋಮೀಟರಿಗೇ ಬದಲಾಯಿಸಿದೆ.

ನಿನ್ನೆ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಎರಡನೇ ಗೇರಿನಲ್ಲಿ ಸದ್ದು ಬದಲಾದಾಗ ಅವರು ಏನೂ ಹೇಳಲಿಲ್ಲ, ಮೇಲಿನ ಹಿಡಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು "ಕೊಟ್ಟಾರ ಕಡೆ ಹೋಗಬೇಡ" ಅಂದರು.

ಒಟ್ಟು ಖರ್ಚು 1,32,000.

ಆರ್‌ಸಿ ಪುಸ್ತಕ · ಆಗಸ್ಟ್ 10

ಒಳ್ಳೆಯದಾಯಿತು. ಆರ್‌ಸಿಯಲ್ಲಿ ಹೊಸ ನಂಬರ್ ಬರುವ ತನಕ ಹಳೆ ಬ್ಲಾಕನ್ನು ಗುಜರಿಗೆ ಹಾಕಬೇಡಿ. ತೋರಿಸಿ ಅಂದರೆ ಇರಲಿ.

ಮಣಿಪಾಲ ಥರ್ಡ್ ಗೇರ್ · ಆಗಸ್ಟ್ 10

ಬ್ಲಾಕ್ ಇರಲಿ, ಹಳೆ ಹೆಡ್ ಏನು ಮಾಡುತ್ತೀರಿ ಅಣ್ಣ? ನನ್ನ ಸ್ನೇಹಿತನ ಅಣ್ಣನದ್ದೂ ವಿಟೆಕ್ಕೇ.

ಕಾಪು ಲೈಟ್‌ಹೌಸ್ · ಆಗಸ್ಟ್ 11

ಹೆಡ್ ಕೊಡುವುದಿಲ್ಲ ತಮ್ಮಾ, ಅಟ್ಟದ ಮೇಲೆ ಗೋಣಿ ಸುತ್ತಿ ಇಟ್ಟಾಗಿದೆ. ಆದರೆ ಉಕ್ಕಡಂನಿಂದ ಬಂದ ಗೇರ್‌ಬಾಕ್ಸ್ ಹಾಕಲಿಲ್ಲ, ನನ್ನದೇ ಚೆನ್ನಾಗಿತ್ತು. ಅದು ಬೇಕಾದರೆ ಭಾನುವಾರ ಕಟಪಾಡಿಗೆ ಬರಲಿಕ್ಕೆ ಹೇಳು. ಇಬ್ಬರು ಬನ್ನಿ, ಭಾರ ಉಂಟು.